ಗೂಟಕ್ಕೂ ಹೆಸರು, ಹಗ್ಗಕ್ಕೂ ಹೆಸರು: ಲೇವಿಯರ ಮನೆತನದ ಕೆಲಸ

ಪ್ರಶ್ನೆ: ಹಳೆಯ ಒಡಂಬಡಿಕೆಯನ್ನು ಮೊದಲ ಸಲ ಪೂರ್ತಿ ಓದುತ್ತಿದ್ದೇನೆ. ಪುಟಗಟ್ಟಲೆ ಇಂಥವನ ಮಗ ಇಂಥವನು ಎಂಬ ಪಟ್ಟಿಗಳು. ಲೇವಿ ಕುಲದವರೆಲ್ಲ ಯಾಜಕರೇ? ಅಲ್ಲವಾದರೆ, ಒಂದೇ ಕುಲದಲ್ಲಿ ಒಬ್ಬರಿಗೆ ಧೂಪ, ಇನ್ನೊಬ್ಬರಿಗೆ ಗುಡಾರದ ಗೂಟ ಏಕೆ? ಸಮುವೇಲ ಒಂದು ಕಡೆ ಎಫ್ರಾಯೀಮ್ ಬೆಟ್ಟದವನು, ಇನ್ನೊಂದು ಕಡೆ ಲೇವಿಯ. ಯಾವುದು ಸರಿ? ಇದು ನಮ್ಮ ಗೋತ್ರದ ಹಾಗೆಯೇ? ಯಹೂದಿಗಳಲ್ಲಿ ಇವತ್ತಿಗೂ ಇದು ಉಳಿದಿದೆಯೇ?

ಉತ್ತರ:

ಮೊದಲಿಗೆ ಚುಟುಕಾಗಿ: ಯಾಜಕರೆಲ್ಲ ಲೇವಿಯರು, ಆದರೆ ಲೇವಿಯರೆಲ್ಲ ಯಾಜಕರಲ್ಲ. ಯಾಕೋಬನ ಮಗ ಲೇವಿ. ಲೇವಿಗೆ ಮೂವರು ಗಂಡುಮಕ್ಕಳು: ಗೇರ್ಷೋನ್, ಕೆಹಾತ್, ಮೆರಾರೀ. ಕೆಹಾತನ ಮಗ ಅಮ್ರಾಮ, ಅಮ್ರಾಮನ ಮಕ್ಕಳು ಆರೋನ ಮತ್ತು ಮೋಶೆ. ಬಲಿಪೀಠದ ಮುಂದೆ ನಿಲ್ಲುವ ಹಕ್ಕು ಆರೋನನ ಗಂಡು ಸಂತಾನಕ್ಕೆ ಮಾತ್ರ. ಮೋಶೆಯಂಥ ಮೋಶೆಯ ಮಕ್ಕಳೂ ಯಾಜಕರಾಗಲಿಲ್ಲ, ಬರೀ ಲೇವಿಯರಾಗಿ ಉಳಿದರು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆಯೇ ಇಂಥ ಗೆರೆ ಎಳೆದಿದ್ದಾರೆ.

ಪಟ್ಟಿಗಳ ಬಗ್ಗೆ ಒಂದು ಸಲಹೆ. ಅವನ್ನು ಕಥೆ ಎಂದು ಓದಿದರೆ ನಿದ್ದೆ ಬರುತ್ತದೆ, ಪಹಣಿ ಎಂದು ಓದಿ. ಉಳಿದ ಕುಲಗಳಿಗೆ ಕಾನಾನಿನಲ್ಲಿ ಹೊಲ, ಗಡಿ, ಬೆಟ್ಟ, ಬಾವಿ ಹಂಚಿಕೆಯಾದವು. ಲೇವಿಯರಿಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿದ 48 ಊರುಗಳು, ಅವುಗಳ ಸುತ್ತ ದನ ಮೇಯಲು ಹುಲ್ಲುಗಾವಲು. ಆ 48ರಲ್ಲಿ 13 ಆರೋನನ ಮನೆಯವರಿಗೆ. ಹೊಟ್ಟೆಪಾಡು ಜನರು ಕೊಡುವ ದಶಮಾಂಶದ ಮೇಲೆ. ಆ ದಶಮಾಂಶದಲ್ಲೂ ಹತ್ತರಲ್ಲೊಂದು ಪಾಲನ್ನು ಲೇವಿಯರು ಯಾಜಕರಿಗೆ ಕೊಡಬೇಕು. ಹೀಗೆ ಜಮೀನೇ ಇಲ್ಲದ ಕುಲಕ್ಕೆ ಅಪ್ಪ, ಅಜ್ಜ, ಮುತ್ತಜ್ಜನ ಹೆಸರೇ ಆಸ್ತಿಪತ್ರ. ಯಾರು ಏನು ಹೊರಬೇಕು, ಯಾರು ಏನು ಉಣ್ಣಬಹುದು ಎನ್ನುವುದೆಲ್ಲ ಆ ಹೆಸರುಗಳ ಮೇಲೆ ನಿಂತಿತ್ತು.

‘ಹೊರಬೇಕು’ ಎಂದದ್ದು ಅಲಂಕಾರಕ್ಕಲ್ಲ. ಅರಣ್ಯಕಾಂಡದ ನಾಲ್ಕನೇ ಅಧ್ಯಾಯ ತೆರೆದು ನೋಡಿ. ಇಸ್ರಾಯೇಲ್ಯರು ಅರಣ್ಯದಲ್ಲಿ ಅಲೆಯುತ್ತಿದ್ದ ಕಾಲ, ಬಿಚ್ಚಿ ಹೊತ್ತೊಯ್ಯುವ ಗುಡಾರವೇ ಆಗ ದೇವರ ಆಲಯ. ಪಾಳೆಯ ಕಿತ್ತು ಮುಂದೆ ಹೊರಡುವ ಹೊತ್ತು. ಮೊದಲು ಒಳಗೆ ಹೋಗುವವರು ಆರೋನ ಮತ್ತು ಅವನ ಮಕ್ಕಳು. ಗರ್ಭಗುಡಿಯಂಥ ಆ ಒಳಕೋಣೆಯ ತೆರೆಯನ್ನು ಅವರೇ ಇಳಿಸಿ, ಅದರಿಂದಲೇ ಮಂಜೂಷವನ್ನು (ದೇವರ ಆಜ್ಞೆಯ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆ) ಮುಚ್ಚುತ್ತಾರೆ. ಅದರ ಮೇಲೆ ತೊಗಲು, ತೊಗಲಿನ ಮೇಲೆ ಅಚ್ಚ ನೀಲಿ ಬಟ್ಟೆ. ಮಿಕ್ಕ ಸಾಮಾನುಗಳಿಗೆ ಬಟ್ಟೆ ಒಳಗೆ, ತೊಗಲು ಹೊರಗೆ. ಮಂಜೂಷಕ್ಕೆ ಮಾತ್ರ ನೀಲಿ ಹೊರಗೆ. ಸಾಲಿನಲ್ಲಿ ನಡೆಯುವಾಗ ಯಾವುದು ಮಂಜೂಷವೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಎಲ್ಲ ಮುಚ್ಚಿ, ಹೊರುವ ಕೋಲುಗಳನ್ನು ಸೇರಿಸಿದ ಮೇಲಷ್ಟೇ ಕೆಹಾತ್ಯರು ಒಳಗೆ ಬರಬೇಕು. ಹೊರುವವರು ಅವರೇ, ಆದರೆ ಒಳಗಿನದನ್ನು ಮುಟ್ಟುವಂತಿಲ್ಲ, ಕಣ್ಣೆತ್ತಿ ನೋಡುವಂತೆಯೂ ಇಲ್ಲ. ನೋಡಿದರೆ ಸಾವು.

ಗೇರ್ಷೋನ್ಯರ ಪಾಲಿಗೆ ಬಟ್ಟೆ: ಪರದೆಗಳು, ಮೇಲ್ಹೊದಿಕೆ, ಅಂಗಳದ ತೆರೆಗಳು. ಮೆರಾರೀಯರ ಪಾಲಿಗೆ ಮರ ಮತ್ತು ಲೋಹ. 48 ಚೌಕಟ್ಟುಗಳು, ಅಗುಳಿಗಳು, ಕಂಬಗಳು, ಗೂಟಗಳು, ಹಗ್ಗಗಳು, ಇವುಗಳ ಜೊತೆಗೆ ತಲಾ ಒಂದು ತಲಾಂತು ತೂಕದ ನೂರು ಬೆಳ್ಳಿಯ ಗದ್ದಿಗೇಕಲ್ಲುಗಳು, ಅಂದರೆ ಚೌಕಟ್ಟು ಕಂಬಗಳನ್ನು ನಿಲ್ಲಿಸುವ ಅಡಿಪೀಠಗಳು. ಒಂದು ತಲಾಂತು ಎಂದರೆ ಮೂವತ್ತು ಕಿಲೋಗೂ ಮೇಲೆ. ಬರೀ ಬೆಳ್ಳಿಯೇ ಮೂರು ಟನ್ ದಾಟುತ್ತದೆ! ಕುಲಾಧಿಪತಿಗಳು ಆರು ಬಂಡಿ, ಹನ್ನೆರಡು ಎತ್ತು ಕಾಣಿಕೆ ತಂದಾಗ ಮೋಶೆ ಮೆರಾರೀಯರಿಗೆ ನಾಲ್ಕು ಬಂಡಿ, ಗೇರ್ಷೋನ್ಯರಿಗೆ ಎರಡು ಕೊಟ್ಟ. ಕೆಹಾತ್ಯರಿಗೆ ಒಂದೂ ಇಲ್ಲ, ಅವರದು ಹೆಗಲ ಮೇಲಿನ ಕೆಲಸ. ನೀವು ಕೇಳಿದ ಗೂಟದ ವಿಷಯಕ್ಕೆ ಬಂದರೆ, ಮೆರಾರೀಯರಲ್ಲಿ ಯಾರು ಯಾವ ಸಾಮಾನು ಹೊರಬೇಕೆಂದು ಹೆಸರು ಹಿಡಿದು ಗೊತ್ತುಮಾಡಿ ಎಂಬ ಅಪ್ಪಣೆ ಇದೆ. ಬೀಡು ಬಿಟ್ಟಾಗ ಒಂದು ಗೂಟ ಕಡಿಮೆ ಬಿದ್ದರೆ ಯಾರನ್ನು ಕೇಳಬೇಕು ಎನ್ನುವುದು ಮೊದಲೇ ಗೊತ್ತು. ಮದುವೆಮನೆಯ ಉಗ್ರಾಣ ನೋಡಿಕೊಂಡವರಿಗೆ ಇದರ ಬೆಲೆ ತಿಳಿದೀತು.

ಮುಂದೆ ದಾವೀದನ ಕಾಲದಲ್ಲಿ ಮಂಜೂಷವನ್ನು ಹೊಸ ಬಂಡಿಯ ಮೇಲಿಟ್ಟು ಯೆರೂಸಲೇಮಿಗೆ ತರಹೊರಟರು. ಕಣದ ಹತ್ತಿರ ಎತ್ತುಗಳು ಎಡವಿದವು, ಉಜ್ಜ ಎಂಬವನು ಕೈಚಾಚಿ ಮಂಜೂಷ ಹಿಡಿದ, ಅಲ್ಲೇ ಸತ್ತ. ಓದುವವರಿಗೆಲ್ಲ ಅಯ್ಯೋ ಅನ್ನಿಸುವ ಪ್ರಸಂಗ. ಪೂರ್ವಕಾಲವೃತ್ತಾಂತ ಬರೆದವನ ವಿವರಣೆ ಮಾತ್ರ ನೇರ: ಹೆಗಲ ಮೇಲೆ ಬರಬೇಕಾದದ್ದು ಬಂಡಿಯ ಮೇಲೆ ಬಂತು, ಹೊರಬೇಕಾದವರು ಹೊರಲಿಲ್ಲ. ಎರಡನೇ ಸಲ ಲೇವಿಯರೇ ಕೋಲು ಹಾಕಿ ಹೊತ್ತು ತಂದರು.

ಈ ಕುಲವೇ ಏಕೆ ಎಂಬುದಕ್ಕೂ ಒಂದು ಲೆಕ್ಕವಿದೆ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಚೊಚ್ಚಲ ಮಕ್ಕಳು ಸತ್ತ ರಾತ್ರಿ ಇಸ್ರಾಯೇಲ್ಯರ ಚೊಚ್ಚಲುಗಳು ಉಳಿದವು, ಆದ್ದರಿಂದ ಚೊಚ್ಚಲ ಗಂಡೆಲ್ಲ ದೇವರ ಸ್ವತ್ತು. ಆ ಚೊಚ್ಚಲರ ಬದಲಿಗೆ ಲೇವಿಯರು. ಬದಲಿ ಎಂದಮೇಲೆ ತಲೆಗೆ ತಲೆ ಸರಿಹೋಗಬೇಕಲ್ಲ! ಎಣಿಸಿದರು: ಚೊಚ್ಚಲರು 22,273, ಲೇವಿಯರು 22,000. ಉಳಿದ 273 ಮಂದಿಗೆ ತಲಾ ಐದು ಶೆಕೆಲ್‌ನಂತೆ 1,365 ಶೆಕೆಲ್ ಬೆಳ್ಳಿಯನ್ನು ಆರೋನನಿಗೆ ಕೊಟ್ಟು ಬಿಡಿಸಿಕೊಂಡರು. ತಮಾಷೆಯೆಂದರೆ ಈ ಲೆಕ್ಕವಿರುವ ಅರಣ್ಯಕಾಂಡದ ಮೂರನೇ ಅಧ್ಯಾಯದಲ್ಲೇ ಲೇವಿಯರ ಮೂರು ಶಾಖೆಗಳಿಗೆ ಕೊಟ್ಟಿರುವ ಅಂಕಿಗಳನ್ನು (7,500, 8,600, 6,200) ನೀವೇ ಕೂಡಿ ನೋಡಿದರೆ 22,300 ಬರುತ್ತದೆ. ಹೆಚ್ಚಿಗೆ ಬಂದ 300 ಮಂದಿ ತಾವೇ ಚೊಚ್ಚಲರು, ತಮ್ಮನ್ನು ತಾವು ಬಿಡಿಸಿಕೊಂಡರೇ ಹೊರತು ಇನ್ನೊಬ್ಬರ ಬದಲಿಗೆ ಬರಲಾರರು ಎಂಬುದು ಯಹೂದಿ ಪಂಡಿತರ ಸಮಾಧಾನ. ಹೀಬ್ರೂವಿನಲ್ಲಿ ‘ಮೂರು’ ಮತ್ತು ‘ಆರು’ ಬರೆಯುವಾಗ ಒಂದೇ ಅಕ್ಷರದ ವ್ಯತ್ಯಾಸ, ನಕಲು ಮಾಡಿದವನು 8,300ನ್ನು 8,600 ಮಾಡಿರಬೇಕು ಎಂಬುದು ಇನ್ನೊಂದು ವಾದ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಗೋತ್ರದ ಹೋಲಿಕೆ ಸ್ವಲ್ಪ ದೂರ ಮಾತ್ರ ಬರುತ್ತದೆ. ಕನ್ನಡ ಅನುವಾದದಲ್ಲಿ ಕುಲ, ಗೋತ್ರ, ಕುಟುಂಬ ಎಂಬ ಪದಗಳಿರುವುದರಿಂದ ನಮಗೆ ಪರಿಚಿತ ಅನ್ನಿಸುತ್ತದೆ, ತಂದೆಯ ಕಡೆಯಿಂದ ಬರುವುದೂ ಒಂದೇ. ಆದರೆ ಸಗೋತ್ರ ಮದುವೆ ನಮ್ಮಲ್ಲಿ ನಿಷಿದ್ಧ. ಅಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿ ಬಂದಾಗ, ಆಸ್ತಿ ಹೊರಗೆ ಹೋಗಬಾರದೆಂದು, ಸ್ವಂತ ಕುಲದೊಳಗೇ ಮದುವೆಯಾಗಿ ಎಂದು ಕಟ್ಟಪ್ಪಣೆ ಆಯಿತು. ಅವರು ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೇ ಮದುವೆಯಾದರು. ಗೋತ್ರ ಹೆಣ್ಣು ತರುವ ಮನೆಗಳನ್ನು ದೂರ ಮಾಡಿದರೆ, ಅಲ್ಲಿನ ಕುಲ ಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುತ್ತದೆ.

ಈಗ ಸಮುವೇಲ. ಅದಕ್ಕೆ ಮುಂಚೆ ಕೋರಹ. ಅವನೂ ಕೆಹಾತನ ಮೊಮ್ಮಗ, ಆರೋನನ ಚಿಕ್ಕಪ್ಪನ ಮಗ. ಸಮೂಹವೆಲ್ಲ ಪರಿಶುದ್ಧವಾಗಿರುವಾಗ ನಿಮಗೊಬ್ಬರಿಗೇ ಏನು ದೊಡ್ಡಸ್ತಿಕೆ ಎಂದು 250 ಮಂದಿ ಮುಖಂಡರ ಕೈಯಲ್ಲಿ ಧೂಪಾರತಿ ಹಿಡಿಸಿ ಎದುರು ನಿಂತ, ನಾಶವಾದ. ಅವನ ಮಕ್ಕಳು ಸಾಯಲಿಲ್ಲ ಎಂದು ಮುಂದೆ ಒಂದೇ ಸಾಲು ಬರುತ್ತದೆ. ಆ ಸಾಲನ್ನು ದಾಟಿಹೋಗಬೇಡಿ. ದೇವಾಲಯದ ಕಾಲಕ್ಕೆ ಆ ಕೋರಹೀಯರೇ ದ್ವಾರಪಾಲಕರು, ಗಾಯಕರು. ಹತ್ತಕ್ಕೂ ಹೆಚ್ಚು ಕೀರ್ತನೆಗಳ ತಲೆಬರಹದಲ್ಲಿ ಅವರ ಹೆಸರಿದೆ. ದುಷ್ಟರ ಗುಡಾರಗಳಲ್ಲಿ ವಾಸಿಸುವುದಕ್ಕಿಂತ ದೇವರ ಮನೆಯ ಬಾಗಿಲಲ್ಲಿ ನಿಂತಿರುವುದೇ ಮೇಲು ಎನ್ನುವ 84ನೇ ಕೀರ್ತನೆಯೂ ಅವರದೇ. ಒಳಗೆ ಹೋಗಬೇಕೆಂದು ಹಟ ಹಿಡಿದವನ ವಂಶದವರು ಹೊಸ್ತಿಲಲ್ಲಿ ನಿಂತು ಹಾಡಿದ್ದು ಎಂದು ತಿಳಿದು ಓದಿದರೆ ಆ ಸಾಲಿನ ರುಚಿಯೇ ಬೇರೆ.

ಸಮುವೇಲನ ತಂದೆ ಎಲ್ಕಾನ ಎಫ್ರಾಯೀಮ್ ಬೆಟ್ಟದವನು. ತಾಯಿ ಹನ್ನ ಹರಕೆ ಹೊತ್ತು ಮಗುವನ್ನು ಶೀಲೋವಿನ ಆಲಯಕ್ಕೆ ಒಪ್ಪಿಸಿದಳು. ಆ ಹುಡುಗ ಲೇವಿಯನಾಗಿದ್ದರೆ ಹರಕೆಯ ಅಗತ್ಯವೇ ಇರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಅದೇ ಸಮುವೇಲ ಪೂರ್ವಕಾಲವೃತ್ತಾಂತದಲ್ಲಿ ಕೆಹಾತನ ವಂಶದವನು, ಅದೂ ಕೋರಹನ ಶಾಖೆಯವನು. ಗಾಯಕ ಹೇಮಾನ ಅವನ ಮೊಮ್ಮಗ. ಲೇವಿಯರಿಗೆ ಸ್ವಂತ ನಾಡಿಲ್ಲದ್ದರಿಂದ ಎಫ್ರಾಯೀಮಿನಲ್ಲಿ ನೆಲೆಸಿದ ಲೇವಿಯನೆಂದು ಹೊಂದಿಸಿಕೊಳ್ಳುವವರು ಒಂದು ಕಡೆ. ಆಲಯದಲ್ಲಿ ಸೇವೆ ಮಾಡಿದವನನ್ನು ನಂತರದವರು ಲೇವಿಯ ಪಟ್ಟಿಗೆ ಸೇರಿಸಿಕೊಂಡರು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಜೊತೆ. ಕಾರಣ ಚಿಕ್ಕದು: ರಾತ್ರಿ ದೇವರ ಕರೆ ಕೇಳಿದ ಮೇಲೆ ಬಾಲಕ ಸಮುವೇಲ ಬೆಳಗ್ಗೆ ಎದ್ದು ಮಾಡಿದ ಮೊದಲ ಕೆಲಸ ಆಲಯದ ಬಾಗಿಲು ತೆರೆದದ್ದು. ಬಾಗಿಲು ತೆರೆದವನನ್ನು ಬಾಗಿಲು ಕಾಯುವ ಮನೆತನದ ಪೂರ್ವಜರ ಸಾಲಿನಲ್ಲಿ ಕೂರಿಸಿದ್ದಾರೆ. ಬೇರೆ ಕಡೆ ಹುಟ್ಟು ಕೆಲಸವನ್ನು ತಂದುಕೊಟ್ಟರೆ, ಇಲ್ಲಿ ಕೆಲಸವೇ ಹುಟ್ಟನ್ನು ತಂದುಕೊಟ್ಟ ಹಾಗಿದೆ. ಮೂವರು ಮುಖ್ಯ ಗಾಯಕರಲ್ಲಿ ಹೇಮಾನ ಕೆಹಾತನ ಕಡೆ, ಆಸಾಫ ಗೇರ್ಷೋನನ ಕಡೆ, ಏತಾನ ಮೆರಾರೀಯ ಕಡೆ ಎಂದು ಅಚ್ಚುಕಟ್ಟಾಗಿ ಹಂಚಿಹೋಗಿರುವುದೂ ನನ್ನ ಅನುಮಾನವನ್ನು ಹೆಚ್ಚಿಸುತ್ತದೆ.

ಹಳೆಯ ಕಾಲ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೈಬಲ್ಲಿನಲ್ಲೇ ಇದೆ. ನ್ಯಾಯಸ್ಥಾಪಕರ ಕಾಲದಲ್ಲಿ ಮೀಕ ಎಂಬವನು ಮನೆಯಲ್ಲೇ ಗುಡಿ ಮಾಡಿಕೊಂಡು ಸ್ವಂತ ಮಗನನ್ನೇ ಯಾಜಕನನ್ನಾಗಿ ಮಾಡಿದ. ಆಮೇಲೆ ದಾರಿಹೋಕ ಲೇವಿ ತರುಣನೊಬ್ಬ ಸಿಕ್ಕಾಗ ವರ್ಷಕ್ಕೆ ಹತ್ತು ಬೆಳ್ಳಿನಾಣ್ಯ, ಬಟ್ಟೆ, ಊಟ ಎಂದು ಮಾತಾಡಿ ಇಟ್ಟುಕೊಂಡ. ಮಗ ನಡೆಯುತ್ತಿದ್ದ, ಲೇವಿಯ ಸಿಕ್ಕರೆ ಇನ್ನೂ ಒಳ್ಳೆಯದು, ಅಷ್ಟೇ. ದಾನ್ ಕುಲದವರು ಬಂದು, ಒಂದು ಮನೆಗೆ ಯಾಜಕನಾಗಿರುವುದಕ್ಕಿಂತ ಒಂದು ಕುಲಕ್ಕೇ ಆಗಬಾರದೇ ಎಂದಾಗ ಆ ಲೇವಿಯ ಸಂತೋಷದಿಂದ ಎದ್ದು ಹೊರಟ. ಕಥೆಯ ಕೊನೆಯಲ್ಲಿ ದಾನ್ಯರ ಯಾಜಕನ ಹೆಸರು ಬರುತ್ತದೆ: ಗೇರ್ಷೋಮನ ಮಗ ಯೋನಾತಾನ. ಗೇರ್ಷೋಮ ಯಾರ ಮಗ? ಹೀಬ್ರೂ ಪ್ರತಿಗಳಲ್ಲಿ ಅಲ್ಲಿ ‘ಮನಸ್ಸೆ’ ಎಂದಿದೆ, ಆದರೆ ‘ನ’ಕಾರದ ಅಕ್ಷರವನ್ನು ಮಾತ್ರ ಸಾಲಿನಿಂದ ಮೇಲಕ್ಕೆ ತೂಗುಹಾಕಿ ಬರೆದಿದ್ದಾರೆ. ಅದನ್ನು ತೆಗೆದರೆ ಉಳಿಯುವುದು ‘ಮೋಶೆ’. ವಿಗ್ರಹದ ಗುಡಿಯ ಪೂಜಾರಿ ಮೋಶೆಯ ಮೊಮ್ಮಗ ಎನ್ನಲು ಬಾಯಿ ಬಾರದ ಲಿಪಿಕಾರ, ಸುಳ್ಳು ಬರೆಯಲೂ ಕೈ ಬಾರದೆ ಅಕ್ಷರವನ್ನು ಅಂತರದಲ್ಲಿ ಬಿಟ್ಟ. ಕೈಬರಹದ ಪ್ರತಿಗಳಲ್ಲಿ ಇದಕ್ಕಿಂತ ಮುದ್ದಾದ ಅಳುಕನ್ನು ನಾನು ಕಂಡಿಲ್ಲ.

ದಾವೀದನ ಮಕ್ಕಳು ಯೂದ ಕುಲದವರು. ಆದರೂ ಸಮುವೇಲನ ಎರಡನೇ ಪುಸ್ತಕ ಅವರನ್ನು ಯಾಜಕರು ಎನ್ನುತ್ತದೆ. ಪೂರ್ವಕಾಲವೃತ್ತಾಂತದ ಹೊತ್ತಿಗೆ ಅವರು ಅರಸನ ಬಳಿಯ ಪ್ರಧಾನರಾಗಿದ್ದಾರೆ, ಯಾಜಕ ಎಂಬ ಮಾತು ಮಾಯ. ಹಾಗೆಯೇ ಧರ್ಮೋಪದೇಶಕಾಂಡ ‘ಯಾಜಕರಾದ ಲೇವಿಯರು’ ಎಂದು ಒಟ್ಟಿಗೇ ಕರೆದರೆ, ಪ್ರವಾದಿ ಯೆಹೆಜ್ಕೇಲ ದಾವೀದನ ಕಾಲದ ಯಾಜಕ ಚಾದೋಕನ ಸಂತತಿಯವರನ್ನು ಬಿಟ್ಟು ಮಿಕ್ಕ ಲೇವಿಯರನ್ನು ಬಾಗಿಲಿಗೂ ಕೆಳಗಿನ ಕೆಲಸಕ್ಕೂ ಇಳಿಸುತ್ತಾನೆ. ಹಾಗಾಗಿ ನಿಮಗೆ ಗೊಂದಲವಾದದ್ದು ನಿಮ್ಮ ತಪ್ಪಲ್ಲ. ಗೆರೆ ಬಿಗಿಯಾಗಲು ಶತಮಾನಗಳೇ ಹಿಡಿದವು, ಬಿಗಿಯಾದದ್ದು ಹೆಚ್ಚಾಗಿ ಬಾಬೆಲಿನ ಸೆರೆಯ ನಂತರ, ಅಂದರೆ ಯೂದದ ಜನರನ್ನು ಬಾಬಿಲೋನಿಗೆ ಗಡೀಪಾರು ಮಾಡಿದ ಕಾಲದ ನಂತರ.

ಆ ಸೆರೆಯಿಂದ ಮರಳಿದವರ ಪಟ್ಟಿ ಎಜ್ರನ ಪುಸ್ತಕದ ಎರಡನೇ ಅಧ್ಯಾಯದಲ್ಲಿದೆ. ನಾಲ್ಕು ಯಾಜಕ ಮನೆತನಗಳಿಂದ 4,289 ಮಂದಿ. ಲೇವಿಯರೋ ಬರೀ 74! ಮುಂದೆ ಎಜ್ರ ತಾನೇ ಹೊರಟಾಗ ಅಹವಾ ಕಾಲುವೆಯ ಬಳಿ ಬೀಡುಬಿಟ್ಟು ಎಣಿಸಿದರೆ ಒಬ್ಬ ಲೇವಿಯನೂ ಇಲ್ಲ. ಹೇಳಿಕಳಿಸಿ ಕರೆಸಿದ ಮೇಲೆ ಬಂದವರು 38. ಹಾಳುಬಿದ್ದ ಊರಿಗೆ ಹೋಗಿ ಇನ್ನೊಬ್ಬರ ಕೈಕೆಳಗೆ ದುಡಿಯಲು ಯಾರು ತಾನೇ ಮುಂದೆ ಬರುತ್ತಾರೆ?

ಅದೇ ಎರಡನೇ ಅಧ್ಯಾಯದಲ್ಲಿ ಮೂರು ಮನೆತನಗಳು ಸಿಕ್ಕಿಬಿದ್ದವು: ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ. ತಾವು ಯಾಜಕರೆಂದರು, ವಂಶಾವಳಿಯ ದಾಖಲೆ ಹುಡುಕಿದರು, ಸಿಗಲಿಲ್ಲ. ಬರ್ಜಿಲ್ಲೈ ಮನೆಯ ಕಥೆ ಸ್ವಾರಸ್ಯ. ಅವರ ಪೂರ್ವಜನೊಬ್ಬ ಗಿಲ್ಯಾದಿನ ಬರ್ಜಿಲ್ಲೈಯ ಮಗಳನ್ನು ಮದುವೆಯಾಗಿ, ಮಾವನ ಮನೆಯ ಹೆಸರನ್ನೇ ಇಟ್ಟುಕೊಂಡಿದ್ದ. ಬರ್ಜಿಲ್ಲೈ ಹಿಂದೆ ದಾವೀದನಿಗೆ ನೆರವಾದ ಭಾರೀ ಶ್ರೀಮಂತ, ಹೆಸರಿಗೆ ಆಗ ಬೆಲೆಯಿತ್ತು. ತಲೆಮಾರುಗಳು ಕಳೆದ ಮೇಲೆ ಆ ಹೆಸರೇ ಕುತ್ತಿಗೆಗೆ ಬಂತು. ಊರೀಮ್ ತುಮ್ಮೀಮ್ (ದೇವರ ತೀರ್ಪು ತಿಳಿಯಲು ಬಳಸುತ್ತಿದ್ದ ಪವಿತ್ರ ವಸ್ತುಗಳು) ಇರುವ ಯಾಜಕನು ಬಂದು ತೀರ್ಮಾನಿಸುವವರೆಗೆ ಮಹಾಪರಿಶುದ್ಧ ಆಹಾರ ಮುಟ್ಟಬಾರದೆಂದು ದೇಶಾಧಿಪತಿ ತಡೆಹಿಡಿದ. ಹಕ್ಕೋಚ್ ಮನೆಯವರು ಮಾತ್ರ ಹೇಗೋ ಪಾರಾದಂತೆ ಕಾಣುತ್ತದೆ: ಆ ಮನೆಯ ಊರೀಯನ ಮಗ ಮೆರೇಮೋತ್ ನೆಹೆಮೀಯನ ಕಾಲದಲ್ಲಿ ಗೋಡೆ ಕಟ್ಟಿದವರಲ್ಲಿದ್ದಾನೆ, ಊರೀಯನ ಮಗ ಯಾಜಕ ಮೆರೇಮೋತನೇ ಆಲಯದ ಬೆಳ್ಳಿಬಂಗಾರ ತೂಗಿ ತೆಗೆದುಕೊಂಡವನು.

ಹೆಣ್ಣುಮಕ್ಕಳ ಮಟ್ಟಿಗೆ ಪಹಣಿ ಊಟದ ತಟ್ಟೆಯಲ್ಲೇ ಕಾಣುತ್ತಿತ್ತು. ಯಾಜಕನ ಮಗಳು ಹೊರಗಿನವನನ್ನು ಮದುವೆಯಾದರೆ ಪವಿತ್ರ ಆಹಾರದ ಹಕ್ಕು ಹೋಯಿತು. ಮಕ್ಕಳಿಲ್ಲದೆ ವಿಧವೆಯಾಗಿಯೋ ಗಂಡ ಬಿಟ್ಟೋ ತವರಿಗೆ ಮರಳಿದರೆ ಹಕ್ಕೂ ಮರಳಿ ಬಂತು. ಅಂಗವೈಕಲ್ಯವಿದ್ದ ಯಾಜಕ ಬಲಿ ಅರ್ಪಿಸುವಂತಿಲ್ಲ, ಆದರೆ ಪಾಲಿನ ಊಟ ಉಣ್ಣಬಹುದು. ಎರಡನೇ ದೇವಾಲಯದ ಅಂಗಳದ ಒಂದು ಮೂಲೆಯಲ್ಲಿ ಅಂಥವರು ಕುಳಿತು ಬಲಿಪೀಠದ ಸೌದೆಯಲ್ಲಿ ಹುಳು ಬಿದ್ದಿದೆಯೇ ಎಂದು ಆರಿಸುತ್ತಿದ್ದರೆಂದು ಯಹೂದಿ ನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ವಂಶದಲ್ಲಿ ದೋಷ ಕಂಡವನ ಗತಿ ಬೇರೆ. ನ್ಯಾಯಸಭೆ ವಿಚಾರಿಸಿ ಅನರ್ಹನೆಂದರೆ ಅವನು ಕಪ್ಪು ಬಟ್ಟೆ ಉಟ್ಟು ಹೊರಗೆ ಹೋಗಬೇಕು. ಅರ್ಹನೆಂದರೆ ಬಿಳಿ ಉಟ್ಟು ಬಂಧುಗಳ ಜೊತೆ ಒಳಗೆ.

ಒಳಗೆ ಬಂದವರೂ ದಿನಾ ಸೇವೆ ಮಾಡುತ್ತಿರಲಿಲ್ಲ. ಯಾಜಕರು 24 ವರ್ಗ, ಒಂದೊಂದಕ್ಕೆ ಸಬ್ಬತ್ತಿನಿಂದ ಸಬ್ಬತ್ತಿಗೆ ಒಂದು ವಾರದ ಸರದಿ. ಲೂಕನ ಸುವಾರ್ತೆಯ ಮೊದಲಲ್ಲಿ ಬರುವ ಜಕರೀಯ ಎಂಟನೆಯದಾದ ಅಬೀಯನ ವರ್ಗದವನು. ಧೂಪ ಹಾಕುವ ಚೀಟಿ ಅವನ ಹೆಸರಿಗೆ ಬಿತ್ತು. ಮಿಶ್ನಾದ ಪ್ರಕಾರ ಆ ಚೀಟಿಗೆ ಕರೆಯುತ್ತಿದ್ದದ್ದು ಹಿಂದೆಂದೂ ಧೂಪ ಹಾಕದವರನ್ನು ಮಾತ್ರ. ಮುದುಕನಾಗುವವರೆಗೆ ಕಾದು ಸಿಕ್ಕಿದ ಒಂದೇ ಸರದಿಯಲ್ಲಿ ದೇವದೂತ ಎದುರು ನಿಂತ!

ಆ ಧೂಪವನ್ನು ಅರೆದು ಕೂಡಿಸುತ್ತಿದ್ದದ್ದು ಅಬ್ತಿನಾಸ್ ಎಂಬ ಒಂದೇ ಮನೆತನ. ಹೊಗೆಯನ್ನು ಕಂಬದಂತೆ ನೆಟ್ಟಗೆ ಏರಿಸುವ ಒಂದು ಮೂಲಿಕೆ ಅವರಿಗಷ್ಟೇ ಗೊತ್ತು. ಗುಟ್ಟು ಬಿಡಲಿಲ್ಲವೆಂದು ಅವರನ್ನು ತೆಗೆದು ಅಲೆಕ್ಸಾಂಡ್ರಿಯದಿಂದ ಬೇರೆಯವರನ್ನು ಕರೆಸಿದರು. ಹೊಗೆ ಅತ್ತಿತ್ತ ಚದುರಿತು. ಕೊನೆಗೆ ಹಳಬರನ್ನೇ ದುಪ್ಪಟ್ಟು ಸಂಬಳಕ್ಕೆ ಮರಳಿ ಕರೆಯಬೇಕಾಯಿತು. ಆ ಮನೆಯ ಹೊಸ ಮದುವಣಗಿತ್ತಿ ಕೂಡ ಮೈಗೆ ಸುಗಂಧ ಹಚ್ಚುತ್ತಿರಲಿಲ್ಲವಂತೆ, ಸೊಸೆ ತರುವಾಗಲೇ ಆ ಕರಾರು. ಗುಡಿಯ ಧೂಪ ಕದ್ದು ಹಚ್ಚಿಕೊಂಡಳು ಎಂಬ ಮಾತು ಬರಬಾರದಲ್ಲ. ಆಲಯಕ್ಕೆ ರೊಟ್ಟಿ ಸುಡುವ ಗರ್ಮು ಮನೆಯ ಮಕ್ಕಳ ಕೈಯಲ್ಲಿ ನಯವಾದ ಬಿಳಿ ರೊಟ್ಟಿ ಕಂಡವರಿಲ್ಲ, ಅದೇ ಕಾರಣಕ್ಕೆ. ದೊಡ್ಡ ಮನೆತನದ ಕೆಲಸ ಎನ್ನುವಾಗ ಗೌರವದ ಜೊತೆ ಇಂಥ ಬಿಗಿಯನ್ನೂ ಸೇರಿಸಿ ಎಣಿಸಬೇಕು.

ಗೆರೆಯ ಕಿರಿಕಿರಿ ಕೊನೆಯವರೆಗೂ ಇತ್ತು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವುವ ಕೆಲವೇ ವರ್ಷಗಳ ಮುಂಚೆ ಲೇವಿ ಗಾಯಕರು, ಯಾಜಕರಂತೆ ತಮಗೂ ನಾರುಬಟ್ಟೆ ಬೇಕೆಂದು ಎರಡನೇ ಅಗ್ರಿಪ್ಪ ಅರಸನಲ್ಲಿ ಕೇಳಿ ಪಡೆದರು. ಇದನ್ನು ದಾಖಲಿಸಿದ ಯಹೂದಿ ಇತಿಹಾಸಕಾರ ಜೋಸೀಫಸ್ ಸ್ವತಃ ಮೊದಲ ವರ್ಗದ ಯಾಜಕ. ಪಿತೃಗಳ ಪದ್ಧತಿ ಮುರಿದದ್ದಕ್ಕೆ ಶಿಕ್ಷೆ ತಪ್ಪುವುದಿಲ್ಲ ಎಂದು ಗೊಣಗಿದ್ದಾನೆ.

ಇವತ್ತಿನ ಮಾತು. ಯಹೂದಿತನ ತಾಯಿಯಿಂದ ಬರುತ್ತದೆ, ಆದರೆ ಕೋಹೆನ್ (ಹೀಬ್ರೂವಿನಲ್ಲಿ ಯಾಜಕ) ಅಥವಾ ಲೇವಿ ಎನ್ನಿಸಿಕೊಳ್ಳುವುದು ಈಗಲೂ ತಂದೆಯಿಂದಲೇ. ದೇವಾಲಯವಿಲ್ಲ, ಬಲಿಯಿಲ್ಲ, ಉಳಿದಿರುವುದು ತುಣುಕುಗಳು. ಸಭಾಮಂದಿರದಲ್ಲಿ ತೋರಾ (ಮೋಶೆಯ ಧರ್ಮಶಾಸ್ತ್ರ) ಓದಲು ಮೊದಲ ಕರೆ ಕೋಹೆನ್‌ಗೆ, ಎರಡನೆಯದು ಲೇವಿಗೆ. ಸಂಪ್ರದಾಯಸ್ಥ ಕೋಹೆನ್ ಸ್ಮಶಾನಕ್ಕೆ ಕಾಲಿಡುವುದಿಲ್ಲ, ವಿಚ್ಛೇದಿತೆಯನ್ನು ಮದುವೆಯಾಗುವುದಿಲ್ಲ. ಗೋರಿಗಲ್ಲಿನ ಮೇಲೆ ಎರಡು ಅಂಗೈ ಕೆತ್ತಿದ್ದರೆ ಕೋಹೆನ್, ಹೂಜಿ ಕೆತ್ತಿದ್ದರೆ ಲೇವಿ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೋಹೆನ್‌ಗಳ ವೈ ಕ್ರೋಮೋಸೋಮಿನಲ್ಲಿ ಇತರ ಯಹೂದಿಗಳಿಗಿಂತ ಹೆಚ್ಚಿನ ಸಾಮ್ಯ ತೋರಿಸಿತು. ತಂದೆಯಿಂದ ಮಗನಿಗೆ ಬಹುಕಾಲ ಸಾಗಿಬಂದಿದೆ ಎನ್ನಲು ಅದು ಸಾಲುತ್ತದೆ, ಆರೋನನೇ ಮೂಲಪುರುಷ ಎನ್ನಲು ಸಾಲದು.

ಆ ಹೂಜಿ ಏಕೆ ಎಂದು ಕೇಳಿದರೆ: ಕೋಹೆನ್‌ಗಳು ಎದ್ದು ಜನರನ್ನು ಆಶೀರ್ವದಿಸುವ ಮುನ್ನ ಅವರ ಕೈಗೆ ನೀರೆರೆಯುವವರು ಲೇವಿಯರು. ಸಭೆಯಲ್ಲಿ ಆ ದಿನ ಒಬ್ಬ ಲೇವಿಯನೂ ಇಲ್ಲದಿದ್ದರೆ ಹೂಜಿಯನ್ನು ತಾಯಿಗೆ ಚೊಚ್ಚಲನಾಗಿ ಹುಟ್ಟಿದವನ ಕೈಗೆ ಕೊಡುತ್ತಾರೆ.